ಮಾಡಿಸುವವನ ಧರ್ಮ

ಮಾಡಿದ್ದನ್ನು ಮಾಡಿದವನೇ ಉಣ್ಣಬೇಕೆಂಬುದು ನಮ್ಮ ಜನ ತಲೆತಲಾಂತರದಿಂದ ಗಾದೆಯಾಗಿ ಆಡಿಕೊಂಡು ಬಂದಿರುವ ಕರ್ಮನಿಯಮ. ಉತ್ತು ಬಿತ್ತಿದವನಿಗೆ ಬೆಳೆ, ಕದ್ದವನಿಗೆ ದಂಡನೆ, ಕೊಟ್ಟವನಿಗೆ ಪುಣ್ಯ ಎಂಬಷ್ಟರ ಮಟ್ಟಿಗೆ ಆ ನಿಯಮವು ಯಾರಿಗಾದರೂ ಸುಲಭವಾಗಿಯೇ ತಿಳಿಯುತ್ತದೆ. ಆದರೆ ತನ್ನ ಕೈಯಿಂದ ಒಂದು ಹಿಡಿ ಅದಿರನ್ನೂ ಎತ್ತದೆ, ಒಂದು ಮರವನ್ನೂ ಕಡಿಯದೆ, ಒಂದು ಯಂತ್ರವನ್ನೂ ನಡೆಸದೆ, ಸಾವಿರಾರು ಮಂದಿಯ ಕೈಗಳಿಂದ ಹಗಲಿರುಳೂ ಆ ಎಲ್ಲ ಕೆಲಸಗಳನ್ನು ಮಾಡಿಸುತ್ತಿರುವ ಮನುಷ್ಯನೊಬ್ಬನ ವಿಷಯದಲ್ಲಿ ಅದನ್ನು ಅನ್ವಯಿಸಹೊರಟಾಗ ಬುದ್ಧಿಯು ತಡವರಿಸುತ್ತದೆ. ಅವನು ಒಡೆಯನಲ್ಲ, ಬಂಡವಾಳವೂ ಲಾಭವೂ ಇನ್ನೊಬ್ಬರವು. ಅವನು ಕೂಲಿಯೂ ಅಲ್ಲ. ಕೆಲಸದ ದಣಿವು ಅವನ ತೋಳಿಗೆ ತಾಕುವುದಿಲ್ಲ. ಒಡೆತನಕ್ಕೂ ದುಡಿಮೆಗೂ ನಡುವೆ ನಿಂತು, ಒಬ್ಬರ ಇಚ್ಛೆಯನ್ನು ಇನ್ನೊಬ್ಬರ ಕೃತಿಯಾಗಿ ಪರಿಣಮಿಸುವಂತೆ ಮಾಡುವ ಈ ಹಿರಿಯ ಅಧಿಕಾರಿಯನ್ನು ಇಂದಿನವರು ಜನರಲ್ ಮ್ಯಾನೇಜರ್ ಎಂದೋ ಕಾರ್ಯನಿರ್ವಾಹಕ ನಿರ್ದೇಶಕನೆಂದೋ ಕರೆಯುತ್ತಾರೆ. ಇಂಥವನಿಗೆ ಅಂಟುವ ಪುಣ್ಯಪಾಪಗಳ ಸ್ವರೂಪವೇನು, ಅವನ ವೃತ್ತಿಯಲ್ಲಿ ಆತ್ಮಸಂಸ್ಕಾರಕ್ಕೆ ಎಡೆಯುಂಟೆ, ಉಂಟಾದರೆ ಅವನು ಅಭ್ಯಾಸಮಾಡಬೇಕಾದ ಯೋಗವೆಂಥದು ಎಂಬುದು ಇಂದಿನ ಕಾಲದಲ್ಲಿ ಯಾವ ಧರ್ಮಜಿಜ್ಞಾಸುವೂ ಬದಿಗೊತ್ತಲಾಗದ ಪ್ರಶ್ನೆ. ಏಕೆಂದರೆ ಈಗ ನಮ್ಮ ಅನ್ನ, ಬಟ್ಟೆ, ಬೆಳಕು, ವಾಹನಗಳೆಲ್ಲವೂ ಇಂಥವರ ಆಜ್ಞೆಯ ಮೂಲಕವೇ ನಮ್ಮನ್ನು ತಲಪುತ್ತವೆ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಶಿವಮೊಗ್ಗೆ ಭದ್ರಾವತಿಗಳಷ್ಟು ಯೋಗ್ಯವಾದ ನೆಲ ನಮ್ಮ ನಾಡಿನಲ್ಲಿ ವಿರಳ. ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಸುಮಾರು 20 ಕಿಲೋಮೀಟರು ದಾರಿ. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರ ಜನವರಿ 18ರಂದು ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಹೇರಳವಾಗಿದ್ದಿತು, ಸುಣ್ಣಕಲ್ಲು ಸಮೀಪದಲ್ಲಿಯೇ ದೊರೆಯುತ್ತಿದ್ದಿತು, ನೀರಿಗೆ ಭದ್ರೆಯಿದ್ದಳು. ಇಲ್ಲದಿದ್ದುದು ಕಲ್ಲಿದ್ದಲೊಂದೇ. ಆ ಕೊರತೆಯನ್ನು ಮಲೆನಾಡಿನ ಕಾಡಿನಿಂದ ತುಂಬಿಕೊಳ್ಳತಕ್ಕದ್ದೆಂದು ನಿಶ್ಚಯವಾದುದರಿಂದ, ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವ ಕಾರ್ಖಾನೆಯೂ ಊದುಕುಲುಮೆಯ ಜೊತೆಯಲ್ಲಿಯೇ ಹುಟ್ಟಿತು. ಹಾಗೆ ಕಾಯಿಸುವಾಗ ಹೊರಬರುವ ಆವಿಯನ್ನು ತಣಿಸಿ ಮದ್ಯಸಾರವನ್ನೂ ಅಸಿಟೇಟು ಲವಣವನ್ನೂ ಟಾರನ್ನೂ ಪಡೆಯುವ ಏರ್ಪಾಡಾಯಿತು. ಕಾಡಿನಲ್ಲಿ ಮರ ಕಡಿಯುವವನಿಂದ ಹಿಡಿದು ಟ್ರಾಮುಹಾದಿಯ ಗಾಡಿ ನಡೆಸುವವನು, ಬೆಟ್ಟದ ಮೇಲೆ ಅದಿರು ಅಗೆಯುವವನು, ಕುಲುಮೆಯ ಬಾಯಿಗೆ ಅದಿರು ಇದ್ದಿಲು ಸುಣ್ಣಕಲ್ಲುಗಳನ್ನು ಲೆಕ್ಕಪ್ರಕಾರ ಸುರಿಯುವವನು, ಕೆಳಗಡೆ ಕಿಟ್ಟವನ್ನು ಬೇರ್ಪಡಿಸಿ ಕರಗಿದ ಬೀಡುಕಬ್ಬಿಣವನ್ನು ಹರಿಯಬಿಡುವವನು, ಪ್ರಯೋಗಶಾಲೆಯಲ್ಲಿ ಅದರ ಗುಣವನ್ನು ಪರೀಕ್ಷಿಸುವವನು, ಗುಮಾಸ್ತ, ಅಂಗಡಿಯವನು, ರೈಲಿನವನು, ಇವರಲ್ಲಿ ಯಾವನೊಬ್ಬನು ತಪ್ಪಿದರೂ ಉಳಿದವರೆಲ್ಲರ ಶ್ರಮ ವ್ಯರ್ಥವಾಗುವಂಥ ದೀರ್ಘಶೃಂಖಲೆ ಅದು. ಅಲ್ಲದೆ ಊದುಕುಲುಮೆಯ ಪ್ರಕೃತಿಯೇ ಕಠಿಣವಾದದ್ದು. ಒಮ್ಮೆ ಹೊತ್ತಿಸಿದ ಮೇಲೆ ಅದನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸುವಂತಿಲ್ಲ. ಒಳಗಿನ ದ್ರವವು ತಣಿದು ಗಟ್ಟಿಯಾಯಿತೆಂದರೆ ಕುಲುಮೆಯೇ ಕೆಟ್ಟಿತು. ಆದುದರಿಂದ ಇಂಥ ಕಾರ್ಖಾನೆಯನ್ನು ನಡೆಸುವವನಿಗೆ ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ. ಅವನು ಮಲಗಿದ್ದಾಗಲೂ ಅವನ ಹೊಣೆ ಎಚ್ಚರವಾಗಿಯೇ ಇರುತ್ತದೆ.

ಇಂಥ ಪದವಿಗೆ ಬೇಕಾದ ಸಾಮರ್ಥ್ಯಗಳು ಯಾವುವೆಂದು ವ್ಯವಹಾರವನ್ನು ಬಲ್ಲವರನ್ನು ಕೇಳಿದರೆ ಅವರು ಒಂದು ಪಟ್ಟಿಯನ್ನೇ ಹೇಳಿಯಾರು: ಖರ್ಚುವೆಚ್ಚಗಳ ನಿಷ್ಕೃಷ್ಟ ಜ್ಞಾನ, ಕೆಲಸಕ್ಕೆ ತಕ್ಕವನನ್ನು ಗುರುತಿಸುವ ಕಣ್ಣು, ಬೇರೆಬೇರೆ ವಿಭಾಗಗಳವರನ್ನು ಒಂದೇ ಗುರಿಗೆ ಹೊಂದಿಸುವ ಶಕ್ತಿ, ಅಪಾಯವನ್ನು ಮುಂದಾಗಿ ಊಹಿಸುವ ದೂರದೃಷ್ಟಿ, ಮೇಲಿನವರಿಗೆ ಕಹಿಯಾದ ನಿಜವನ್ನು ಹೇಳುವ ಧೈರ್ಯ, ಕೆಳಗಿನವರಿಂದ ಕಹಿಯಾದ ನಿಜವನ್ನು ಕೇಳುವ ಸಹನೆ. ಇವೆಲ್ಲವೂ ಲೌಕಿಕಚಾತುರ್ಯಗಳೆಂದೂ, ಧರ್ಮವೆಂಬುದು ಇವುಗಳಿಗೆ ಹೊರಗಣದಾಗಿ ಬೆಳಗಿನ ಪೂಜೆಯಲ್ಲಿಯೋ ವರ್ಷಕ್ಕೊಮ್ಮೆಯ ತೀರ್ಥಯಾತ್ರೆಯಲ್ಲಿಯೋ ಇರತಕ್ಕದ್ದೆಂದೂ ಭಾವಿಸುವವರು ಬಹಳ ಮಂದಿ. ಈ ಭಾವನೆ ಸರಿಯಲ್ಲವೆಂಬುದು ನನ್ನ ಪಕ್ಷ. ಮಾಡಿಸುವವನಿಗೆ ಆ ಸಾಮರ್ಥ್ಯಗಳೇ ಧರ್ಮದ ಶರೀರ. ಅವುಗಳನ್ನು ಯಾವ ಭಾವದಿಂದ ಬಳಸುತ್ತಾನೆಂಬುದೇ ಅದರ ಪ್ರಾಣ. ಶರೀರವಿಲ್ಲದ ಪ್ರಾಣವೂ ಪ್ರಾಣವಿಲ್ಲದ ಶರೀರವೂ ಲೋಕದಲ್ಲಿ ಕೆಲಸಕ್ಕೆ ಬರುವುವಲ್ಲ.

ಮೊದಲು ಶಾಸ್ತ್ರದ ಮಾತನ್ನು ವಿಚಾರಿಸೋಣ. ಮಾಡಿದವನು, ಮಾಡಿಸಿದವನು, ಮಾಡೆಂದು ಪ್ರೇರಿಸಿದವನು, ಮಾಡಿದ್ದನ್ನು ಒಪ್ಪಿ ಅನುಮೋದಿಸಿದವನು, ಈ ನಾಲ್ವರಿಗೂ ಸುಕೃತದಲ್ಲಿಯೂ ದುಷ್ಕೃತದಲ್ಲಿಯೂ ಸಮಭಾಗವೆಂಬುದು ನಮ್ಮ ಪೂರ್ವಿಕರಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ನಿರ್ಣಯ. ಕೈ ಕೊಳೆಯಾಗದವನಿಗೆ ಪಾಪದಲ್ಲಿ ರಿಯಾಯಿತಿಯಿಲ್ಲ ಎಂಬುದೇ ಇದರ ಅರ್ಥ. ಆದರೆ ಅಲ್ಲಿಗೆ ಪ್ರಶ್ನೆ ತೀರಲಿಲ್ಲ. ಕರ್ತೃತ್ವವೆಂಬುದೇ ಏನೆಂದು ತಿಳಿಯಬೇಕಷ್ಟೆ. ತುಂಗಭದ್ರಾಸಂಗಮವಾದ ಕೂಡಲಿಯಲ್ಲಿ ಶೃಂಗೇರಿಯ ಪರಂಪರೆಗೆ ಸೇರಿದ ಅದ್ವೈತಮಠವೂ ಅಕ್ಷೋಭ್ಯತೀರ್ಥರ ಪರಂಪರೆಯ ದ್ವೈತಮಠವೂ ಉಂಟು. ಕರ್ತೃತ್ವವಿಚಾರದಲ್ಲಿ ಆ ಎರಡು ಸಿದ್ಧಾಂತಗಳೂ ಹೇಳುವುದು ಬೇರೆಬೇರೆ. ಜೀವನಿಗೆ ಕರ್ತೃತ್ವವು ಸ್ವಭಾವಸಿದ್ಧವಲ್ಲ, ದೇಹೇಂದ್ರಿಯಾದಿ ಉಪಾಧಿಗಳಿಂದ ಬಂದದ್ದು ಎನ್ನುತ್ತದೆ ಅದ್ವೈತ; ಬ್ರಹ್ಮಸೂತ್ರವು ಇದಕ್ಕೆ ಬಡಗಿಯ ದೃಷ್ಟಾಂತವನ್ನು ಕೊಡುತ್ತದೆ. ಬಾಚಿಯನ್ನು ಹಿಡಿದಿರುವಷ್ಟು ಹೊತ್ತು ಬಡಗಿಯು ಕರ್ತೃವಾಗಿ ಬಳಲುತ್ತಾನೆ, ಅದನ್ನು ಕೆಳಗಿಟ್ಟು ಮನೆಗೆ ಹೋದನೆಂದರೆ ಸ್ವಸ್ಥನಾಗಿ ಸುಖಿಸುತ್ತಾನೆ ಎಂದು ಶಂಕರರು ಅದನ್ನು ವಿವರಿಸುತ್ತಾರೆ. ಜೀವನ ಕರ್ತೃತ್ವ ಸತ್ಯವೇ, ಆದರೆ ಅದು ಸ್ವತಂತ್ರವಲ್ಲ, ಪರಮಾತ್ಮನ ಅಧೀನವಾದದ್ದು ಎನ್ನುತ್ತದೆ ದ್ವೈತ. ಮಾಡಿಸುವವನು ಈ ಎರಡರಿಂದಲೂ ಕಲಿಯಬೇಕಾದದ್ದುಂಟು. ಬಡಗಿ ಬಾಚಿಯನ್ನು ಕೆಳಗಿಡಬಲ್ಲ. ಮಾಡಿಸುವವನ ಉಪಕರಣಗಳಾದರೋ ಇತರ ಮನುಷ್ಯರು, ಅವರ ಕೆಲಸ ರಾತ್ರಿಯ ಪಾಳಿಯಲ್ಲಿಯೂ ನಡೆಯುತ್ತಲೇ ಇರುತ್ತದೆ. ಹೀಗಾಗಿ ಅವನಿಗೆ ವಿಶ್ರಾಂತಿಯು ಉಪಕರಣತ್ಯಾಗದಿಂದ ದೊರೆಯತಕ್ಕದ್ದಲ್ಲ. ನಾನೇ ಎಲ್ಲವನ್ನೂ ಮಾಡುತ್ತಿದ್ದೇನೆಂಬ ಅಭಿಮಾನದ ತ್ಯಾಗದಿಂದ ದೊರೆಯತಕ್ಕದ್ದು. ತನ್ನ ಅಧಿಕಾರವು ತನ್ನದಲ್ಲ, ಮತ್ತೊಬ್ಬರು ನಂಬಿ ಕೊಟ್ಟದ್ದು, ಅದರ ಲೆಕ್ಕವನ್ನು ಕೊನೆಗೆ ಒಪ್ಪಿಸಲೇಬೇಕು ಎಂಬ ಭಾವ ಎರಡನೆಯ ಪಾಠ. ಮೊದಲನೆಯದು ಅವನನ್ನು ಅಹಂಕಾರದಿಂದ ಕಾಪಾಡುತ್ತದೆ. ಎರಡನೆಯದು ಅಲಕ್ಷ್ಯದಿಂದ ಕಾಪಾಡುತ್ತದೆ.

ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕಾರ್ಯವೇ ಆಗಲಿ ಸಿದ್ಧಿಸುವುದಕ್ಕೆ ಐದು ಕಾರಣಗಳು ಕೂಡಿಬರಬೇಕೆಂದು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ನಾನಾವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಇವು ಐದಿರುವಾಗ ತಾನೊಬ್ಬನೇ ಕರ್ತನೆಂದು ತಿಳಿಯುವವನ ಬುದ್ಧಿ ಸಂಸ್ಕಾರಹೀನವೆಂಬುದು ಅಲ್ಲಿಯ ತೀರ್ಮಾನ. ಮೋಕ್ಷಾರ್ಥಿಗಾಗಿ ಹೇಳಿದ ಈ ವಿಶ್ಲೇಷಣೆ ಕಾರ್ಖಾನೆಯ ಆಡಳಿತಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಭದ್ರಾವತಿಯಲ್ಲಿ ಕಾಣಬಹುದು. ಅಧಿಷ್ಠಾನವೆಂದರೆ ಆ ನದಿ, ಆ ಬೆಟ್ಟ, ಆ ಅರಣ್ಯ, ಬೀರೂರಿನಿಂದ ಶಿವಮೊಗ್ಗೆಗೆ ಹೋಗುವ ಆ ರೈಲುಹಾದಿ. ಕರಣಗಳೆಂದರೆ ಕುಲುಮೆ ಮೊದಲಾದ ಯಂತ್ರಗಳು. ಚೇಷ್ಟೆಗಳೆಂದರೆ ಸಾವಿರ ಕೈಗಳ ಸಾವಿರ ಬಗೆಯ ದುಡಿಮೆ. ಕರ್ತೃವೆಂಬುವನು ಐವರಲ್ಲಿ ಒಬ್ಬನು ಮಾತ್ರ. ಇನ್ನು ದೈವವೆಂಬುದು ಎಂಥದೆಂದು ಕೇಳಿದರೆ ಆ ಕಾರ್ಖಾನೆಯ ಚರಿತ್ರೆಯೇ ಉತ್ತರ ಕೊಡುತ್ತದೆ. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಕಬ್ಬಿಣದ ಬೆಲೆ ಏರಿದ್ದಾಗ ಅದರ ಯೋಜನೆ ರೂಪುಗೊಂಡಿತು. ಕಟ್ಟಡವೆದ್ದು ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಯುದ್ಧ ಮುಗಿದು ಬೆಲೆ ಕುಸಿದಿದ್ದಿತು. ಸೌದೆಯಿಂದ ತೆಗೆಯುವ ಮದ್ಯಸಾರದ ಮಾರಾಟದಿಂದ ಇದ್ದಿಲಿನ ವೆಚ್ಚ ಹಗುರಾದೀತೆಂಬ ನಿರೀಕ್ಷೆಯೊಂದಿದ್ದಿತು. ಕಾರ್ಖಾನೆ ಆರಂಭವಾದ ಆ 1923ರಲ್ಲಿಯೇ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯವರು ಅದೇ ಪದಾರ್ಥವನ್ನು ಸೌದೆಯ ಹಂಗಿಲ್ಲದೆ ಅನಿಲಗಳ ಸಂಯೋಗದಿಂದ ತಯಾರಿಸತೊಡಗಿದರು. ಸಹಸ್ರಾರು ಮೈಲಿಗಳ ಆಚೆ ನಡೆದ ಒಂದು ರಾಸಾಯನಿಕ ಪ್ರಯೋಗವು ಮಲೆನಾಡಿನ ಕಾಡಿನ ಕೆಲಸಗಾರನ ಬದುಕಿಗೆ ಸಂಬಂಧಪಟ್ಟದ್ದಾಯಿತು. ಇದು ಯಾರ ತಪ್ಪು? ಯಾರದೂ ಅಲ್ಲ. ಆದರೂ ಇದರ ಪರಿಣಾಮವನ್ನು ಎದುರಿಸಬೇಕಾದವನೊಬ್ಬನುಂಟು, ಅವನೇ ಮಾಡಿಸುವವನು.

ಆ ಸ್ಥಾನಕ್ಕೆ 1923ರಲ್ಲಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದವರು. ಕಬ್ಬಿಣದ ಕಾರ್ಖಾನೆಯ ಯೋಜನೆಗೆ ಮಂಜೂರಾತಿ ದೊರೆತದ್ದು ಅವರ ಆಡಳಿತದ ಕೊನೆಯ ವರ್ಷದಲ್ಲಿ. ಅದನ್ನು ಕಟ್ಟಿದ ಕಾಲದಲ್ಲಿ ಅವರು ಅಧಿಕಾರದಲ್ಲಿರಲಿಲ್ಲ. ವೆಚ್ಚ ಬೆಳೆದು, ಬೆಲೆ ಬಿದ್ದು, ಸಂಸ್ಥಾನದ ಬೊಕ್ಕಸಕ್ಕೆ ಇದೊಂದು ಭಾರವಾಯಿತೆಂಬ ಆಕ್ಷೇಪಣೆ ಕೇಳಿಬಂದಾಗ, ಸರ್ ಆಲ್ಬಿಯನ್ ಬ್ಯಾನರ್ಜಿಯವರು ದಿವಾನರಾಗಿದ್ದ ಕಾಲದಲ್ಲಿ, ಸರ್ಕಾರವು ಕಾರ್ಖಾನೆಯ ಆಡಳಿತಮಂಡಲಿಯ ಅಧ್ಯಕ್ಷತೆಯನ್ನು ವಹಿಸಬೇಕೆಂದು ಅವರನ್ನು ಕೇಳಿಕೊಂಡಿತು. ಅರವತ್ತು ವರ್ಷ ದಾಟಿದ್ದ ಅವರು ನಿವೃತ್ತಿಯ ನೆಪವನ್ನು ಮುಂದಿಡಬಹುದಾಗಿದ್ದಿತು. ಕಟ್ಟಿದವರು ಬೇರೆಯವರೆಂದು ಹೇಳಿ ನುಣುಚಿಕೊಳ್ಳಬಹುದಾಗಿದ್ದಿತು. ಆದರೆ ಹಿಂದೆ ಹೇಳಿದ ನಾಲ್ವರಲ್ಲಿ ಪ್ರೇರಕನ ಸ್ಥಾನದಲ್ಲಿದ್ದವರು ತಾವೆಂಬುದನ್ನು ಅವರು ಮರೆಯಲಿಲ್ಲವೆಂದು ಅವರ ನಡತೆಯಿಂದ ನಾವು ಊಹಿಸಬಹುದು. ಪ್ರೇರಕನಾಗಿದ್ದವನು ಕಷ್ಟಕಾಲದಲ್ಲಿ ಮಾಡಿಸುವವನ ಹೊಣೆಯನ್ನೂ ಹೊತ್ತನು. 1929ರ ವರೆಗೆ ಅವರು ಆ ಪದವಿಯಲ್ಲಿದ್ದು, ದುಂದನ್ನು ಕಡಿದು, ಲೆಕ್ಕವನ್ನು ಬಿಗಿಮಾಡಿ, ವಿದೇಶದಿಂದ ಕರೆಸಿದ್ದ ತಜ್ಞರ ಸ್ಥಾನದಲ್ಲಿ ಕ್ರಮಕ್ರಮವಾಗಿ ನಮ್ಮವರನ್ನೇ ತರಬೇತುಗೊಳಿಸಿ ನಿಲ್ಲಿಸಿ, ಮುಳುಗುತ್ತದೆಂದು ಹಲವರು ಹೇಳಿದ್ದ ಉದ್ಯಮವನ್ನು ಸ್ಥಿರಗೊಳಿಸಿದರು. 1930ರ ದಶಕದಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಸಿಮೆಂಟಿನ ತಯಾರಿಕೆಯೂ ನೆಲೆಗೊಂಡುದು ಈ ತಳಹದಿಯ ಮೇಲೆಯೇ. ತಮ್ಮ ಈ ಸೇವೆಗಾಗಿ ಬರಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ತೆಗೆದುಕೊಳ್ಳದೆ, ಯುವಕರಿಗೆ ಕೈಕಸುಬುಗಳನ್ನು ಕಲಿಸುವ ಒಂದು ಸಂಸ್ಥೆಗೆ ವಿನಿಯೋಗವಾಗಬೇಕೆಂದು ಕೋರಿದರು. ಆ ಸಂಸ್ಥೆಗೆ ತಮ್ಮ ಹೆಸರನ್ನಿಡುವುದು ಬೇಡವೆಂದೂ ರಾಜವಂಶದ ಹೆಸರಿರಲೆಂದೂ ಸೂಚಿಸಿದರು. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರಿನಲ್ಲಿ ಬೆಳೆದ ವೃತ್ತಿಶಿಕ್ಷಣಶಾಲೆ ಹೀಗೆ ಹುಟ್ಟಿದ್ದು.

ಈ ವೃತ್ತಾಂತದಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಮುಖ್ಯತತ್ತ್ವವೊಂದು ಅಡಗಿದೆ. ಫಲಾಪೇಕ್ಷೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂಬ ಉಪದೇಶವನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತಿದ್ದೇವೆ. ಮತ್ತು ಅನೇಕವೇಳೆ ಅದನ್ನು ತಪ್ಪಾಗಿ ಗ್ರಹಿಸುತ್ತಿದ್ದೇವೆ. ಫಲದ ಯೋಚನೆಯೇ ಬೇಡವೆಂದು ಅದರ ಅರ್ಥವಾಗಿದ್ದರೆ ಕಾರ್ಖಾನೆ ನಡೆಸುವವನಿಗೆ ಅದಕ್ಕಿಂತ ಅಪಾಯಕರವಾದ ಉಪದೇಶ ಇನ್ನೊಂದಿರಲಾರದು. ಎಷ್ಟು ಸೌದೆಗೆ ಎಷ್ಟು ಇದ್ದಿಲು, ಎಷ್ಟು ಇದ್ದಿಲಿಗೆ ಎಷ್ಟು ಕಬ್ಬಿಣ, ಎಷ್ಟು ಕಬ್ಬಿಣಕ್ಕೆ ಎಷ್ಟು ಹಣವೆಂದು ಫಲವನ್ನು ತೂಗಿನೋಡದವನು ನಿಷ್ಕಾಮನಲ್ಲ, ಬೇಜವಾಬ್ದಾರ. ಫಲತ್ಯಾಗವೆಂದರೆ ಫಲದ ಮೇಲಣ ತನ್ನ ಹಕ್ಕನ್ನು ಬಿಡುವುದು. ಫಲದ ಲೆಕ್ಕವನ್ನು ಮತ್ತಷ್ಟು ಕಟ್ಟುನಿಟ್ಟಾಗಿ ಇಡುವುದೂ ಅದರಲ್ಲಿಯೇ ಸೇರಿದೆ, ಏಕೆಂದರೆ ಆ ಫಲ ಈಗ ಪರರ ಸ್ವತ್ತು. ತನ್ನ ಮನೆಯ ಹಣದಲ್ಲಿ ಸಡಿಲವಾಗಿರುವುದು ಔದಾರ್ಯವೆನಿಸಬಹುದು. ಪರರ ಹಣದಲ್ಲಿ ಸಡಿಲವಾಗಿರುವುದು ಅಪಹಾರಕ್ಕೆ ಸಮಾನ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಕಾಸುಕಾಸಿನ ಲೆಕ್ಕವನ್ನು ಹಿಡಿದದ್ದೂ ತಮ್ಮ ಸಂಭಾವನೆಯನ್ನು ಬಿಟ್ಟುಕೊಟ್ಟದ್ದೂ ಒಂದೇ ಮನೋಧರ್ಮದ ಎರಡು ಮುಖಗಳು. ಮಿಥಿಲೆಯೇ ಹೊತ್ತಿ ಉರಿದರೂ ತನ್ನದೇನೂ ಉರಿಯುವುದಿಲ್ಲವೆಂದ ಜನಕರಾಜನ ಕಥೆಯನ್ನು ಮಹಾಭಾರತವು ಹೇಳುತ್ತದೆ. ಅದನ್ನು ಕೇಳಿ ಆಡಳಿತಗಾರನೊಬ್ಬನು ಬೆಂಕಿ ಬಿದ್ದಾಗ ಕೈಕಟ್ಟಿ ಕುಳಿತರೆ ಅವನು ಜನಕನನ್ನು ಅರಿತವನಲ್ಲ. ಗೀತೆಯು ಜನಕಾದಿಗಳನ್ನು ಹೆಸರಿಸುವುದು ಕರ್ಮದಿಂದಲೇ ಸಿದ್ಧಿ ಪಡೆದವರೆಂದು, ಲೋಕಸಂಗ್ರಹಕ್ಕೆ ಮಾದರಿಯಾದವರೆಂದು. ಮಿಥಿಲೆ ಉರಿದರೆ ಮೊದಲು ನೀರು ಹೊರಬೇಕಾದವನು ಜನಕನೇ. ತನ್ನದೆಂಬುದು ಏನೂ ಇಲ್ಲದ್ದರಿಂದಲೇ ಅವನು ಗಾಬರಿಯಿಲ್ಲದೆ ನೀರು ಹೊರಬಲ್ಲನು, ಯಾವ ಮನೆಯನ್ನು ಮೊದಲು ಉಳಿಸಬೇಕೆಂಬುದನ್ನು ಪಕ್ಷಪಾತವಿಲ್ಲದೆ ನಿಶ್ಚಯಿಸಬಲ್ಲನು. ವೈರಾಗ್ಯದ ಉಪಯೋಗ ಇಲ್ಲಿದೆ. ಅದು ಕಾರ್ಯದಿಂದ ದೂರಸರಿಯುವುದಕ್ಕೆ ಕೊಟ್ಟ ಅನುಮತಿಯಾಗದೆ, ಕಾರ್ಯದ ನಡುವೆ ಕಣ್ಣು ಮಬ್ಬಾಗದಂತೆ ಕಾಯುವ ಔಷಧವಾಗುತ್ತದೆ.

ಕಣ್ಣಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನಸಾಧನಗಳನ್ನು ಎಣಿಸುವಾಗ ಮೊತ್ತಮೊದಲನೆಯದಾಗಿ ಹೇಳಿರುವುದು ಅಮಾನಿತ್ವವನ್ನು, ಎಂದರೆ ತನ್ನ ದೊಡ್ಡಸ್ತಿಕೆಯನ್ನು ತಾನು ಹೊಗಳಿಕೊಳ್ಳದಿರುವುದನ್ನು. ಗರ್ವವನ್ನು ಬಿಡುವುದು ಶೀಲಕ್ಕೆ ಸೇರಿದ ವಿಷಯವಾಗಿರುವಾಗ ಅದನ್ನು ಜ್ಞಾನದ ಪಟ್ಟಿಯಲ್ಲಿ ಏಕಿಟ್ಟರೆಂಬ ಸಂದೇಹ ಏಳಬಹುದು. ದೊಡ್ಡ ಕಚೇರಿಯೊಂದರ ನಡವಳಿಕೆಯನ್ನು ಸ್ವಲ್ಪ ಗಮನಿಸಿದವರಿಗೆ ಆ ಸಂದೇಹ ನಿಲ್ಲದು. ಕುಲುಮೆಯ ಇಟ್ಟಿಗೆ ಸವೆದಿದೆಯೆಂಬುದು ಮೊದಲು ತಿಳಿಯುವುದು ಪಾಳಿಯ ಕೆಲಸಗಾರನಿಗೆ. ಅದು ಫೋರ್‌ಮನ್, ಇಂಜಿನಿಯರು, ಸೂಪರಿಂಟೆಂಡೆಂಟರುಗಳನ್ನು ದಾಟಿ ಹಿರಿಯ ಅಧಿಕಾರಿಯನ್ನು ಮುಟ್ಟಬೇಕು. ಆತನು ಸಿಡುಕನಾಗಿದ್ದರೆ, ಹೊಗಳಿಕೆಗೆ ಒಲಿಯುವವನಾಗಿದ್ದರೆ, ಆ ಸುದ್ದಿಯು ಒಂದೊಂದು ಮೆಟ್ಟಿಲಿನಲ್ಲಿಯೂ ಒಂದೊಂದಿಷ್ಟು ಸಿಹಿಯಾಗುತ್ತ ಬಂದು ಕೊನೆಗೆ ಎಲ್ಲವೂ ಸರಿಯಾಗಿದೆಯೆಂಬ ವರದಿಯಾಗಿ ಅವನ ಮೇಜಿನ ಮೇಲೆ ಕುಳಿತಿರುತ್ತದೆ. ಅವನಿಗೆ ಯಾರೂ ಸುಳ್ಳು ಹೇಳಬೇಕೆಂದು ಹೊರಟಿರುವುದಿಲ್ಲ. ಆದರೂ ಅವನಿರುವುದು ಸುಳ್ಳಿನ ನಡುವೆ. ಅಭಿಮಾನವು ಜ್ಞಾನದ ಬಾಗಿಲನ್ನು ಮುಚ್ಚುತ್ತದೆಂಬ ವೇದಾಂತದ ಮಾತು ಇಲ್ಲಿ ಪ್ರತ್ಯಕ್ಷವಾದ ಅನುಭವ. ಕೆಳಗಿನವನ ಕಹಿಮಾತನ್ನು ಕೇಳಿ ಅವನಿಗೆ ಕೃತಜ್ಞನಾಗುವ ಅಭ್ಯಾಸವು ಇಂಥವನ ಪಾಲಿಗೆ ಶ್ರವಣವೂ ಹೌದು, ತಪಸ್ಸೂ ಹೌದು.

ಆದರೆ ಮಾಡಿಸುವವನ ಗುಣಗಳನ್ನಷ್ಟೇ ಕೊಂಡಾಡಿ ಮಾಡುವವನನ್ನು ಮರೆತರೆ ವಿಚಾರವು ಅರ್ಧವಾದೀತು. ಶಿವಮೊಗ್ಗೆಯ ಸೀಮೆ ಈ ಮರೆವಿಗೆ ಅವಕಾಶ ಕೊಡತಕ್ಕದ್ದಲ್ಲ. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುವಿನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಜಿಲ್ಲೆಯ ಶಿಕಾರಿಪುರದ ಕಡೆಯವು. ಅವರು ಸೇರಿದ ಕಲ್ಯಾಣದ ಶರಣಸಮೂಹದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು; ಎಂದರೆ ರಾಜ್ಯವೊಂದರ ಹಣಕಾಸಿನ ಹೊಣೆ ಹೊತ್ತ ಹಿರಿಯ ಅಧಿಕಾರಿಗಳು. ಅಲ್ಲಿಯೇ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯುವ ಕಾಯಕದ ಮಾರಯ್ಯನೂ ಇದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಇದು ನಮ್ಮ ಪಾಲಿಗೆ ಮೀರಿದ್ದೆಂದು ಅದನ್ನು ಹಿಂದಕ್ಕೆ ಸುರಿದುಬರುವಂತೆ ಕಳುಹಿದಳೆಂದು ಪ್ರತೀತಿ. ಭಂಡಾರಿಯ ಕಾಯಕವೂ ಅಕ್ಕಿಯಾಯುವವನ ಕಾಯಕವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟ ಸಮಾಜ ಅದು; ಸಾಕೆಂಬ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಭಂಡಾರಿಯ ಅಂಗಳಕ್ಕೆ ಬಡವಳೊಬ್ಬಳು ಕಲಿಸಿದಳು. ಕೆಳದಿಯ ಶಿವಪ್ಪನಾಯಕನ ಚರಿತ್ರೆಯಲ್ಲಿಯೂ ಇದಕ್ಕೆ ಸಮೀಪವಾದ ಸಂಗತಿಯೊಂದುಂಟು. ಶಿವಮೊಗ್ಗೆಯಲ್ಲಿ ಅವನ ಹೆಸರಿನ ಅರಮನೆಯನ್ನು ನೋಡುವವರು ಅವನ ಯುದ್ಧಗಳನ್ನು ನೆನೆಯುತ್ತಾರೆ; ಅವನ ನಿಜವಾದ ಹಿರಿಮೆ ಶಿಸ್ತೆಂದು ಪ್ರಸಿದ್ಧವಾದ ಅವನ ಕಂದಾಯವ್ಯವಸ್ಥೆಯಲ್ಲಿದೆ. ಪ್ರತಿಯೊಂದು ಗ್ರಾಮದಲ್ಲಿಯೂ ಪ್ರತಿಯೊಂದು ಬಗೆಯ ಭೂಮಿಯಲ್ಲಿ ಒಂದೊಂದು ಹೊಲವನ್ನು ಹನ್ನೆರಡು ವರ್ಷಗಳ ಕಾಲ ಅರಮನೆಯ ವೆಚ್ಚದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ ಇವುಗಳ ಲೆಕ್ಕವನ್ನು ಬರೆಯಿಸಿ, ಸರಾಸರಿ ಹಿಡಿದು, ಅದರ ಮೇಲೆ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ಲೂಯಿ ರೈಸರ ಮೈಸೂರು ಗ್ಯಾಸೆಟಿಯರು ದಾಖಲಿಸಿದೆ. ಮಾಡುವವನ ಕಷ್ಟವನ್ನು ಊಹಿಸಿ ನಿರ್ಧರಿಸುವುದು ಬೇರೆ, ಅದನ್ನು ತಾನು ನಷ್ಟಪಟ್ಟು ಅಳೆದು ನಿರ್ಧರಿಸುವುದು ಬೇರೆ. ಅಳತೆಯು ಕರುಣೆಯ ವೈರಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ; ಸರಿಯಾದ ಅಳತೆಯೇ ಕರುಣೆಗೆ ಕಾಲೂರುವ ನೆಲವೆಂಬುದನ್ನು ಆ ನಾಯಕನು ತೋರಿಸಿದನು.

ಈ ದೃಷ್ಟಿಯಿಂದ ನೋಡಿದಾಗ ಭದ್ರಾವತಿಯ ಲೆಕ್ಕದಲ್ಲಿ ಬರೆಯದೆ ಬಿಟ್ಟ ಬಾಬುಗಳೂ ಕಾಣುತ್ತವೆ. ಒಂದು ಟನ್ನು ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ನು ಇದ್ದಿಲು ಬೇಕು. ಅಷ್ಟು ಇದ್ದಿಲಿಗೆ ಅದರ ಮೂರು ನಾಲ್ಕು ಪಟ್ಟು ತೂಕದ ಸೌದೆ ಬೇಕು. ಜೋಗದ ವಿದ್ಯುತ್ತು ಬಂದು ವಿದ್ಯುತ್ಕುಲುಮೆಗಳು ಸ್ಥಾಪಿತವಾಗುವ ತನಕ ಆ ಹೊರೆಯನ್ನು ಹೊತ್ತದ್ದು ಮಲೆನಾಡಿನ ಅರಣ್ಯ. ಆ ಮರಗಳ ಬೆಲೆಯೂ ಕಾಡಿನಲ್ಲಿ ಚಳಿಜ್ವರದಿಂದ ನರಳಿದ ಕೂಲಿಯವರ ಬೆಲೆಯೂ ಯಾವ ಬ್ಯಾಲೆನ್ಸ್‌ಶೀಟಿನಲ್ಲಿಯೂ ಪೂರ್ಣವಾಗಿ ಕಾಣಸಿಗುವಂಥವಲ್ಲ. ಇದರಿಂದ ಕಾರ್ಖಾನೆಯನ್ನು ಕಟ್ಟಿದ್ದೇ ಪಾಪವೆಂದು ಹೇಳುವುದು ನ್ಯಾಯವಾಗದು. ಅದರ ಆಶ್ರಯದಲ್ಲಿ ಒಂದು ಊರೇ ಬೆಳೆದು ಸಾವಿರಾರು ಕುಟುಂಬಗಳು ಅನ್ನವನ್ನೂ ವಿದ್ಯೆಯನ್ನೂ ಮಾನವನ್ನೂ ಪಡೆದುವು. ಆರಂಭವೆಲ್ಲವೂ ಬೆಂಕಿಯನ್ನು ಹೊಗೆ ಮುಸುಕುವಂತೆ ದೋಷದಿಂದ ಮುಸುಕಿರುವುದೆಂಬ ಗೀತೆಯ ವಿಚಾರವನ್ನು ಒಪ್ಪಿದವನು ದೋಷವಿಲ್ಲದ ಕರ್ಮವನ್ನು ಹುಡುಕಿಕೊಂಡು ಹೋಗನು. ಅವನು ಮಾಡಬಹುದಾದದ್ದೆಂದರೆ ದೋಷವನ್ನು ಮರೆಮಾಡದೆ ಲೆಕ್ಕಕ್ಕೆ ತರುವುದು, ತಂದಮೇಲೆ ಅದನ್ನು ತೀರಿಸುವ ಪ್ರಯತ್ನಕ್ಕೆ ತೊಡಗುವುದು. ಪ್ರಾಯಶ್ಚಿತ್ತವೆಂಬುದಕ್ಕೆ ಆಡಳಿತದಲ್ಲಿ ಇರುವ ಅರ್ಥ ಇದೇ.

ಮಾಡಿಸುವವನ ಧರ್ಮಕ್ಕೆ ಅತಿಕಠಿಣವಾದ ಪರೀಕ್ಷೆ ಬರುವುದು ನಡೆಯುತ್ತಿರುವುದನ್ನು ನಿಲ್ಲಿಸಬೇಕಾದಾಗ. ಭದ್ರಾವತಿಯ ಕಾರ್ಖಾನೆಯು 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1989ರಲ್ಲಿ ಉಕ್ಕು ಪ್ರಾಧಿಕಾರವಾದ ಸೈಲಿನ ವಶಕ್ಕೆ ಬಂದು, 1998ರಲ್ಲಿ ಅದರೊಡನೆ ವಿಲೀನವಾಯಿತು. ಸ್ವಂತದ ಅದಿರುಗಣಿ ಇಲ್ಲದೆ, ಹೊಸ ಬಂಡವಾಳವಿಲ್ಲದೆ ಅದು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ, ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಸಾವಿರಕ್ಕೂ ಮಿಕ್ಕ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು; ಅದೇ ವರ್ಷದ ಆಗಸ್ಟಿನಲ್ಲಿ ಉತ್ಪಾದನೆ ಭಾಗಶಃ ಮರಳಿತು. 1936ರಲ್ಲಿ ಸ್ಥಾಪಿತವಾದ ಅಲ್ಲಿಯ ಮೈಸೂರು ಕಾಗದದ ಕಾರ್ಖಾನೆಯಾದರೋ, ಜನ ಎಂ.ಪಿ.ಎಂ. ಎಂದು ಪ್ರೀತಿಯಿಂದ ಕರೆಯುತ್ತಿದ್ದದ್ದು, ಅಷ್ಟರಲ್ಲಾಗಲೇ ನಿಂತುಹೋಗಿದ್ದಿತು. ನಷ್ಟದ ಉದ್ಯಮವನ್ನು ಎಂದೆಂದಿಗೂ ನಡೆಸಬೇಕೆಂದು ಧರ್ಮಶಾಸ್ತ್ರವು ವಿಧಿಸುವುದಿಲ್ಲ. ಆದರೆ ದೈವವು ಐದು ಕಾರಣಗಳಲ್ಲಿ ಕಡೆಯದೆಂಬುದನ್ನು ನೆನಪಿಡಬೇಕು. ಉಳಿದ ನಾಲ್ಕನ್ನೂ ಸರಿಪಡಿಸಿದ ಮೇಲೆ ಮಾತ್ರ ಅದನ್ನು ಹೆಸರಿಸುವ ಅಧಿಕಾರ ಬರುತ್ತದೆ. ಗಣಿಯನ್ನು ಸಕಾಲದಲ್ಲಿ ಒದಗಿಸಲಿಲ್ಲ, ಯಂತ್ರವನ್ನು ಸಕಾಲದಲ್ಲಿ ಹೊಸದು ಮಾಡಲಿಲ್ಲವೆಂದಾದರೆ, ಆ ಬಳಿಕ ಪೇಟೆಯ ಸ್ಥಿತಿಯನ್ನು ದೂರುವುದು ದೈವದ ಮೇಲೆ ಸುಳ್ಳುಸಾಕ್ಷಿ ಹೇಳಿದಂತೆ. ಮತ್ತು ಇಲ್ಲಿ ನಾಲ್ಕನೆಯ ಭಾಗಿಯಾದ ಅನುಮೋದಕನ ವಿಚಾರ ಬರುತ್ತದೆ. ಸರ್ಕಾರದ ಉದ್ಯಮದಲ್ಲಿ ಆ ಅನುಮೋದಕರು ನಾವೇ, ಪ್ರಜೆಗಳು. ಹತ್ತಾರು ವರ್ಷಗಳ ಕಾಲ ವಿಚಾರಿಸದೆ ಸುಮ್ಮನಿದ್ದವರು ಕಡೆಯ ದಿನದಂದು ಅಧಿಕಾರಿಯೊಬ್ಬನ ಮೇಲೆ ಕಲ್ಲೆಸೆದರೆ ತಮ್ಮ ಪಾಲಿನ ಋಣದಿಂದ ಬಿಡುಗಡೆ ಹೊಂದುವುದಿಲ್ಲ. ಅಧಿಕಾರಿಯ ಪಾಲಿಗೆ ಉಳಿಯುವುದು ಇಷ್ಟು: ನಿಲ್ಲಿಸಲೇಬೇಕಾದರೆ ಮುಂಚಿತವಾಗಿ, ಮುಖಾಮುಖಿಯಾಗಿ, ನಿಜವನ್ನು ಹೇಳಿ ನಿಲ್ಲಿಸುವುದು, ಖಾಯಂ ಕೆಲಸಗಾರನಿಗೂ ಗುತ್ತಿಗೆಯವನಿಗೂ ಕಾಗದದ ಮೇಲೆ ಇರುವ ವ್ಯತ್ಯಾಸವು ಹಸಿವಿನಲ್ಲಿ ಇಲ್ಲವೆಂಬುದನ್ನು ಮನಸ್ಸಿಗೆ ತಂದುಕೊಂಡು, ಹೊಸ ಬದುಕಿಗೆ ದಾರಿ ತೋರಿಸುವುದನ್ನು ತನ್ನ ಕೊನೆಯ ಕೆಲಸವನ್ನಾಗಿ ಎಣಿಸುವುದು.

ಈಗ ಮೊದಲ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಮಾಡಿಸಿದವನು ಮಾಡಿದವನಷ್ಟೇ ಉಣ್ಣಬೇಕಾದವನು. ಒಂದು ರೀತಿಯಲ್ಲಿ ಅವನಿಗಿಂತ ಹೆಚ್ಚಾಗಿ, ಏಕೆಂದರೆ ಮಾಡಿದವನಿಗಿಲ್ಲದ ಆಯ್ಕೆಯ ಸ್ವಾತಂತ್ರ್ಯ ಅವನಿಗುಂಟು. ಅವನ ಯೋಗವು ಒಂದು ವಿಷಮವಾದ ಹಂಚಿಕೆಯನ್ನು ಸಂತೋಷದಿಂದ ಒಪ್ಪುವುದರಲ್ಲಿದೆ: ತಪ್ಪಾದರೆ ಅದನ್ನು ತನ್ನದೆಂದು ಮೊದಲು ಹೇಳಬೇಕು; ಒಳ್ಳೆಯದಾದರೆ ಅದನ್ನು ಮಾಡಿದ ಕೈಗಳಿಗೆ ಮೊದಲು ಸಲ್ಲಿಸಬೇಕು. ಲೋಕದ ವಾಡಿಕೆ ಇದಕ್ಕೆ ವಿರುದ್ಧವಾಗಿದೆಯೆಂಬುದನ್ನು ನಾನು ಬಲ್ಲೆ. ಆದರೆ ಧರ್ಮವೆಂಬುದು ಯಾವ ವೃತ್ತಿಯಲ್ಲಿಯೂ ವಾಡಿಕೆಯ ಹೊಳೆಗೆ ಎದುರಾಗಿ ಈಜುವುದರಿಂದಲೇ ಉಳಿದುಬಂದಿದೆ. ಇಂದು ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳಲ್ಲಿಯೂ ಶಿವಮೊಗ್ಗೆಯ ಅಡಕೆಯ ಸಹಕಾರಸಂಘದಲ್ಲಿಯೂ ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿಯೂ ಮಾಡಿಸುವ ಪದವಿಯನ್ನೇರಲು ನಮ್ಮ ಮಕ್ಕಳು ಓದುತ್ತಿದ್ದಾರೆ. ಅವರಿಗೆ ಲಾಭನಷ್ಟದ ಲೆಕ್ಕವನ್ನು ಕಲಿಸುವ ಪಾಠಶಾಲೆಗಳಲ್ಲಿ ಈ ಹಂಚಿಕೆಯ ಲೆಕ್ಕವನ್ನೂ ಅದೇ ಗಂಟೆಯಲ್ಲಿ, ಅದೇ ಹಲಗೆಯ ಮೇಲೆ ಕಲಿಸತಕ್ಕದ್ದು. ಧರ್ಮಬೋಧೆಯನ್ನು ಬೇರೊಂದು ಪಠ್ಯವನ್ನಾಗಿ ಮಾಡಿ ಪ್ರತ್ಯೇಕವಾಗಿಟ್ಟರೆ ಅವರು ಅದರಲ್ಲಿ ತೇರ್ಗಡೆಯಾಗಿ ಮರೆತುಬಿಡುವರು. ಖರ್ಚಿನ ಪ್ರತಿಯೊಂದು ಪಂಕ್ತಿಯ ಹಿಂದೆ ಇರುವ ಕೈ ಯಾರದೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಲೆಕ್ಕದ ಜೊತೆಯಲ್ಲಿಯೇ ಬೆಳೆಸಿದರೆ ಅದು ಅವರನ್ನು ಆಯುಷ್ಯಪರ್ಯಂತ ಬಿಡದು.